ಮೂರು ಚೂರಿನ ಮುಚ್ಚಳ

ಉಪ್ಪಿನಕಾಯಿ ಜಾಡಿಯ ಪಿಂಗಾಣಿ ಮುಚ್ಚಳ ಮೂರು ಚೂರಾಯಿತು. ಎಸೆಯಲು ಮನಸ್ಸಾಗಲಿಲ್ಲ. ತೊಳೆದು ಒಣಗಿಸಿ, ಅಂಟಿಲ್ಲದೆಯೇ ಒಮ್ಮೆ ಜೋಡಿಸಿ ನೋಡಿದೆ. ಚೂರು ಕೂಡಿಸುವ ಸರದಿ ತಪ್ಪಿದರೆ ಕೊನೆಯ ಚೂರಿಗೆ ಜಾಗವೇ ಸಿಗದು. ಎರಡು ಟ್ಯೂಬಿನ ಎಪಾಕ್ಸಿಯನ್ನು ಸಮಸಮ ಕಲಸಿ ಕಡ್ಡಿಯಿಂದ ತೆಳ್ಳಗೆ ಸವರಿದೆ. ದಪ್ಪ ಬಳಿದರೆ ಅಂಚು ಏರುಪೇರು. ಕೂಡಿಸಿದ ಮೇಲೆ ಉಗುರಾಡಿಸಬೇಕು. ಎಲ್ಲೂ ತಡೆಯದೆ ಜಾರಿತೋ, ಆಹಾ, ಆ ಸುಖವೇ ಬೇರೆ! ರಾತ್ರಿಯಿಡೀ ಅದು ಮರಳಿನ ಡಬ್ಬಿಯಲ್ಲಿ ಅಲುಗದೆ ನಿಂತಿತು.

ಜಪಾನಿನ ಕಿಂತ್ಸುಗಿಯಲ್ಲಿ ಮರದ ಅರಗಿನಿಂದ ಅಂಟಿಸಿದ ಬಿರುಕಿನ ಮೇಲೆ ಚಿನ್ನದ ಪುಡಿ ಉದುರಿಸುತ್ತಾರೆ. ನನ್ನ ಗೆರೆ ಬರೀ ಮಾಸಲು ಹಳದಿ. ಇಂಥ ಅಂಟು ತಿನ್ನುವ ಪದಾರ್ಥಕ್ಕೆ ತಾಗಬಾರದು. ಹಾಗಾಗಿ ಮಾವಿನಮಿಡಿ ಬೇರೆ ಜಾಡಿ ಸೇರಿತು. ಇದರಲ್ಲೀಗ ಸೂಜಿ, ದಾರ, ಅಂಗಿಯ ಗುಂಡಿಗಳು.