ಮಾತು ಹುಟ್ಟುವ ಹೊತ್ತು

ಕತ್ತಲೆ ತುಂಬಿದ ಮಲಗುವ ಕೋಣೆ. ಅಂದೇ ಕೆಲಸಕ್ಕೆ ಸೇರಿದ ಹುಡುಗಿ ಟೈಪ್‌ರೈಟರ್ ಮುಂದೆ ಕೂತಿದ್ದಾಳೆ. ಕಡ್ಡಿ ಗೀರಿದ ಸದ್ದಾಗುತ್ತದೆ, ಚುರುಟಿಗೆ ಬೆಂಕಿ ತಗಲುತ್ತದೆ, ಆ ಬೆಳಕಿನಲ್ಲಿ ದುಂಡು ಮುಖವೊಂದು ಕಂಡು ಮರೆಯಾಗುತ್ತದೆ. ಹಾಸಿಗೆಯಲ್ಲಿರುವ ಮುದುಕ ಗೊಣಗುತ್ತ ಒಂದು ಪದ ಹಿಡಿಯುತ್ತಾನೆ, ಬಿಡುತ್ತಾನೆ, ಮತ್ತೊಂದನ್ನು ಹಿಡಿಯುತ್ತಾನೆ. ಹುಡುಗಿ ಸಾಲುಗಳ ನಡುವೆ ಎರಡರಷ್ಟು ಜಾಗ ಬಿಟ್ಟಿಲ್ಲ ಎಂದು ಗೊತ್ತಾದ ಕೂಡಲೇ ಅವನು ಆರ್ಭಟಿಸುವ ರೀತಿಗೆ ಅವಳು ಅಳುತ್ತ ಹೊರಗೋಡುತ್ತಾಳೆ. ಜೋ ರೈಟ್ ನಿರ್ದೇಶಿಸಿದ 2017ರ 'ಡಾರ್ಕೆಸ್ಟ್ ಅವರ್' ಚಿತ್ರದಲ್ಲಿ ಗ್ಯಾರಿ ಓಲ್ಡ್‌ಮನ್ ವಿನ್‌ಸ್ಟನ್ ಚರ್ಚಿಲ್ ಆಗಿ ನಮಗೆ ಮೊದಲು ಎದುರಾಗುವುದು ಹೀಗೆ.

ಸಾಲುಗಳ ನಡುವಿನ ಆ ಖಾಲಿ ಜಾಗ ಅವನಿಗೆ ಬೇಕಾಗಿರುವುದು ತಿದ್ದುವುದಕ್ಕೆ. ಓಲ್ಡ್‌ಮನ್ ತಮ್ಮ ಪಾತ್ರದ ಬೀಗದಕೈಯನ್ನು ಅಲ್ಲಿ ಕಂಡುಕೊಂಡಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಚರ್ಚಿಲ್ ಎಂದರೆ ಬಾಯಿ ತೆರೆದರೆ ಭಾಷಣ ಸುರಿಯುವ ಮನುಷ್ಯ ಎಂಬ ಚಿತ್ರ ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಓಲ್ಡ್‌ಮನ್ ತೋರಿಸುವ ಚರ್ಚಿಲ್ ಮಾತಿಗಾಗಿ ಪರದಾಡುತ್ತಾನೆ. ನಾಲಿಗೆಯ ಮೇಲೆ ಪದವನ್ನು ಹೊರಳಿಸಿ ನೋಡುತ್ತಾನೆ, ತುಟಿ ಅಲುಗಿಸಿ ಸದ್ದಿಲ್ಲದೆ ಅಭ್ಯಾಸ ಮಾಡುತ್ತಾನೆ. ಸ್ನಾನದ ಕೋಣೆಯಾಗಲಿ ಕಾರಾಗಲಿ, ಎಲ್ಲಿದ್ದರೂ ಅವನೊಳಗೆ ಒಂದು ವಾಕ್ಯ ಬೇಯುತ್ತಿರುತ್ತದೆ.

ಮೇಕಪ್ಪಿನ ಮಾತು ಬಿಡುವಂತಿಲ್ಲ. ಬಡಕಲು ಮೈಯ ಈ ನಟನನ್ನು ಚರ್ಚಿಲ್ ಮಾಡಲು, ಸಿನಿಮಾ ಕೆಲಸವನ್ನೇ ಬಿಟ್ಟು ಶಿಲ್ಪದ ಕಡೆ ಹೋಗಿದ್ದ ಕಝುಹಿರೊ ತ್ಸುಜಿ ಅವರನ್ನು ಸ್ವತಃ ಓಲ್ಡ್‌ಮನ್ ಕೇಳಿಕೊಂಡು ಕರೆತಂದರು. ದಿನಾ ಗಂಟೆಗಟ್ಟಲೆ ಕುರ್ಚಿಯಲ್ಲಿ ಕೂತು ಗಲ್ಲ, ಕುತ್ತಿಗೆ, ಹೊಟ್ಟೆ ಕಟ್ಟಿಸಿಕೊಂಡರು. 2018ರ ಆಸ್ಕರ್ ಸಮಾರಂಭದಲ್ಲಿ ನಟನಿಗೂ ಮೇಕಪ್ಪಿಗೂ ಪ್ರಶಸ್ತಿ ಬಂತು. ಆದರೆ ನಮ್ಮ ಯಕ್ಷಗಾನ ನೋಡಿದವರಿಗೆ ಗೊತ್ತು, ವೇಷ ಕಟ್ಟುವುದು ಬೇರೆ, ಅರ್ಥ ಹೇಳುವುದು ಬೇರೆ. ಎಷ್ಟೋ ಭರ್ಜರಿ ವೇಷಗಳು ರಂಗಕ್ಕೆ ಬಂದು ಬಾಯಿ ತೆರೆದ ಕೂಡಲೇ ಸಪ್ಪೆಯಾಗುತ್ತವೆ. ಇಲ್ಲಿ ಹಾಗಾಗಿಲ್ಲ. ಅಷ್ಟು ದಪ್ಪದ ಸಿಲಿಕೋನಿನ ಹಿಂದಿನಿಂದಲೂ ಕಣ್ಣುಗಳು ಕೆಲಸ ಮಾಡುತ್ತಲೇ ಇರುತ್ತವೆ. ನಡಿಗೆಯಂತೂ ಎಲ್ಲರ ನಿರೀಕ್ಷೆಯನ್ನೂ ಮುರಿಯುತ್ತದೆ. ಭಾರವಾದ ಮೈ, ಆದರೆ ಪುಟಪುಟನೆ ಇಡುವ ಹೆಜ್ಜೆ. ಅರುವತ್ತೈದು ದಾಟಿದವನಲ್ಲಿ ಹುಡುಗನ ಅವಸರ.

ಎರಡು ದೃಶ್ಯಗಳನ್ನು ಹತ್ತಿರದಿಂದ ನೋಡಬೇಕು. ಒಂದು, ಪ್ರಧಾನಿಯಾಗಿ ಮಾಡಿದ ಮೊದಲ ರೇಡಿಯೊ ಭಾಷಣ, 1940ರ ಮೇ 19ರದು. ಪ್ರಸಾರ ಶುರುವಾಗುವ ಕ್ಷಣದವರೆಗೂ ಹಾಳೆಯ ಮೇಲೆ ಪೆನ್ನು ಓಡುತ್ತಿರುತ್ತದೆ. ಕೆಂಪು ದೀಪ ಹತ್ತಿ ಇಡೀ ಕೋಣೆ ಕೆಂಪಾಗುತ್ತದೆ. ಫ್ರಾನ್ಸ್ ಕುಸಿಯುತ್ತಿರುವುದು ಗೊತ್ತಿದ್ದೂ ಜನರಿಗೆ ಧೈರ್ಯ ಹೇಳಬೇಕಾದ ಮನುಷ್ಯ ಮಾತು ತೆಗೆಯುವ ಮೊದಲು ಒಂದು ಉಸಿರಿನಷ್ಟು ಹೊತ್ತು ತಡೆಯುತ್ತಾನೆ. ಸುಳ್ಳು ಹೇಳುತ್ತಿರುವ ಅರಿವು ಆ ತಡೆಯಲ್ಲಿದೆ. ಇನ್ನೊಂದು, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಜೊತೆಗಿನ ದೂರವಾಣಿ ಮಾತುಕತೆ. ಕಪಾಟಿನಷ್ಟು ಇಕ್ಕಟ್ಟಾದ ಜಾಗದಲ್ಲಿ ಕೂತು ಹಡಗು ಕೊಡಿ ಎನ್ನುತ್ತಾನೆ, ಆಗುವುದಿಲ್ಲ ಎಂಬ ಉತ್ತರ ಬರುತ್ತದೆ. ನಾವೇ ದುಡ್ಡು ಕೊಟ್ಟು ಕೊಂಡ ವಿಮಾನಗಳನ್ನಾದರೂ ಕಳಿಸಿ ಎನ್ನುತ್ತಾನೆ, ಅದಕ್ಕೂ ಕಾನೂನು ಅಡ್ಡ. ಬೇಡುವುದು ಅಭ್ಯಾಸವಿಲ್ಲದವನು ಬೇಡುವಾಗ ದನಿ ಹೇಗೆ ತೆಳ್ಳಗಾಗುತ್ತದೆ ಎಂಬುದನ್ನು ಓಲ್ಡ್‌ಮನ್ ಕೇಳಿಸುತ್ತಾರೆ. ಛಾಯಾಗ್ರಾಹಕ ಬ್ರೂನೊ ಡೆಲ್ಬೊನೆಲ್ ಸುತ್ತಲೂ ಕಪ್ಪು ತುಂಬಿ ಅವರನ್ನು ಒಂದು ಸಣ್ಣ ಚೌಕದೊಳಗೆ ಕೂರಿಸುತ್ತಾರೆ. ಚಿತ್ರದ ದೃಶ್ಯಭಾಷೆ ನಟನ ಜೊತೆ ಒಂದಾಗಿ ನಡೆಯುವ ಹೊತ್ತುಗಳಲ್ಲಿ ಇದೂ ಒಂದು.

ಈ ವಾಕ್ಯ ಕಟ್ಟುವ ಕಸುಬನ್ನು ಚರ್ಚಿಲ್ ಕಲಿತದ್ದರಲ್ಲಿ ಬೆಂಗಳೂರಿನ ಪಾಲೂ ಇದೆ. 1896ರಲ್ಲಿ ಫೋರ್ತ್ ಹುಸಾರ್ಸ್ ಕುದುರೆ ಪಡೆಯ ಕಿರಿಯ ಅಧಿಕಾರಿಯಾಗಿ ಕಂಟೋನ್ಮೆಂಟಿಗೆ ಬಂದವನು ಪೋಲೊ ಆಡಿದ, ಚಿಟ್ಟೆ ಹಿಡಿದ, ಮಧ್ಯಾಹ್ನದ ಬಿಸಿಲು ಹೊತ್ತಿನಲ್ಲಿ ತಾಯಿ ಕಳಿಸಿಕೊಟ್ಟ ಗಿಬ್ಬನ್ ಮತ್ತು ಮೆಕಾಲೆಯ ಇತಿಹಾಸ ಗ್ರಂಥಗಳನ್ನು ಓದಿದ. ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ವಸೂಲಾಗದ ಬಾಕಿಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 13 ರೂಪಾಯಿ ಎಂದಿರುವುದನ್ನೇ ನಾವು ಹೆಚ್ಚು ಹೇಳಿಕೊಳ್ಳುತ್ತೇವೆ. ಆ ಮಧ್ಯಾಹ್ನಗಳಲ್ಲಿ ನಡೆದ ಓದು ಅದಕ್ಕಿಂತ ದೊಡ್ಡ ಸಂಗತಿ. ಉದ್ದುದ್ದ ವಾಕ್ಯವನ್ನು ಉರುಳಿಸಿಕೊಂಡು ಹೋಗಿ ಕೊನೆಯಲ್ಲಿ ಏಟು ಕೊಡುವ ಆ ಲಯವನ್ನು ಓಲ್ಡ್‌ಮನ್ ಉಸಿರಾಟದ ಮಟ್ಟದಲ್ಲಿ ಹಿಡಿದಿದ್ದಾರೆ.

ಇಷ್ಟು ದೊಡ್ಡ ನಟನೆಯ ಸುತ್ತ ಇರುವ ಚಿತ್ರ ಮಾತ್ರ ಒಂದೇ ಸಮನಾಗಿಲ್ಲ. 1940ರ ಮೇ ತಿಂಗಳ ಕೊನೆಯ ದಿನಗಳಲ್ಲಿ ಲಂಡನ್ನಿನ ಯುದ್ಧ ಸಂಪುಟದ ಮುಂದಿದ್ದ ಪ್ರಶ್ನೆ ಬಹಳ ಕಠಿಣವಾದದ್ದು. ಸೈನ್ಯ ಡನ್‌ಕರ್ಕ್ ತೀರದಲ್ಲಿ ಸಿಕ್ಕಿಬಿದ್ದಿದೆ, ಇಟಲಿಯ ಮೂಲಕ ಸಂಧಾನದ ದಾರಿ ನೋಡೋಣ ಎಂದು ವಿದೇಶಾಂಗ ಮಂತ್ರಿ ಹ್ಯಾಲಿಫ್ಯಾಕ್ಸ್ ವಾದಿಸುತ್ತಿದ್ದರು. ಆ ವಾದದಲ್ಲಿ ಲೆಕ್ಕಾಚಾರವಿತ್ತು, ಹೇಡಿತನವೊಂದೇ ಇರಲಿಲ್ಲ. ಹ್ಯಾಲಿಫ್ಯಾಕ್ಸ್ ಪಾತ್ರ ಮಾಡಿದ ಸ್ಟೀಫನ್ ಡಿಲೇನ್ ಒಳ್ಳೆಯ ನಟ. ಆದರೆ ಆಂಥೊನಿ ಮೆಕ್‌ಕಾರ್ಟೆನ್ ಬರೆದ ಚಿತ್ರಕತೆ ಅವರಿಗೆ ಮೂಲೆಯಲ್ಲಿ ನಿಂತು ಪಿಸುಗುಟ್ಟುವ ಸಂಚುಗಾರನ ಕೆಲಸ ಕೊಟ್ಟಿದೆ. ನಾಯಕನ ಎದುರಾಳಿ ತೆಳುವಾದರೆ ನಾಯಕನ ಗೆಲುವೂ ತೆಳುವಾಗುತ್ತದೆ. ಐದು ಜನರ ಆ ಸಂಪುಟದಲ್ಲಿ ಚರ್ಚಿಲ್ ಪಕ್ಕಕ್ಕೆ ನಿಂತ ಲೇಬರ್ ಪಕ್ಷದ ಆಟ್ಲಿ ಮತ್ತು ಗ್ರೀನ್‌ವುಡ್ ಬಹುಮಟ್ಟಿಗೆ ಕುರ್ಚಿ ತುಂಬುವವರಾಗಿದ್ದಾರೆ.

ಈ ಹ್ಯಾಲಿಫ್ಯಾಕ್ಸ್ ಬೇರೆ ಯಾರೂ ಅಲ್ಲ, ನಮಗೆ ಪರಿಚಯದ ಲಾರ್ಡ್ ಇರ್ವಿನ್. 1931ರಲ್ಲಿ ಗಾಂಧೀಜಿಯ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ವೈಸರಾಯ್. ಆಗ ಆ ಮಾತುಕತೆಯನ್ನು ಕಂಡು ಹೊಟ್ಟೆ ತೊಳಸುತ್ತದೆ ಎಂದು ಕೂಗಾಡಿದವರು ಇದೇ ಚರ್ಚಿಲ್. ಎದುರಾಳಿಯ ಜೊತೆ ಕೂತು ಮಾತನಾಡಬಹುದು ಎಂದು ನಂಬಿದವನಿಗೂ ನಂಬದವನಿಗೂ ಒಂಬತ್ತು ವರ್ಷಗಳ ಹಿಂದೆಯೇ ಜಗಳ ನಡೆದಿತ್ತು, ಅದೂ ಭಾರತದ ವಿಷಯದಲ್ಲಿ. ಗಾಂಧಿಯ ವಿಷಯದಲ್ಲಿ ಇರ್ವಿನ್ ಸರಿ, ಹಿಟ್ಲರನ ವಿಷಯದಲ್ಲಿ ಚರ್ಚಿಲ್ ಸರಿ. ಇಷ್ಟು ಹುರುಳಿರುವ ನಾಟಕವನ್ನು ಚಿತ್ರ ಕಣ್ಣೆತ್ತಿಯೂ ನೋಡುವುದಿಲ್ಲ. ಚರ್ಚಿಲ್ಲನ ಹಳೆಯ ತಪ್ಪುಗಳನ್ನು ರಾಜ ಒಂದೊಂದಾಗಿ ಎಣಿಸುವಾಗ ಗ್ಯಾಲಿಪೊಲಿಯ ಜೊತೆಗೆ ಭಾರತವೂ ಒಂದು ಹೆಸರಾಗಿ ಬಂದು ಹೋಗುತ್ತದೆ, ಅಷ್ಟೆ.

ಉಳಿದವರಲ್ಲಿ ಆರನೇ ಜಾರ್ಜ್ ಪಾತ್ರದ ಬೆನ್ ಮೆಂಡೆಲ್ಸನ್ ಸಂಯಮದಿಂದ ಗೆಲ್ಲುತ್ತಾರೆ. ಪತ್ನಿ ಕ್ಲೆಮೆಂಟೈನ್ ಆಗಿ ಕ್ರಿಸ್ಟಿನ್ ಸ್ಕಾಟ್ ಥಾಮಸ್ ಸಿಕ್ಕ ನಾಲ್ಕು ದೃಶ್ಯಗಳಿಗೆ ಜೀವ ತುಂಬುತ್ತಾರೆ. ಲಿಲಿ ಜೇಮ್ಸ್ ಮಾಡಿದ ಟೈಪಿಸ್ಟ್ ಎಲಿಜಬೆತ್ ಲೇಟನ್ ನಿಜಕ್ಕೂ ಕೆಲಸಕ್ಕೆ ಸೇರಿದ್ದು 1941ರಲ್ಲಿ. ಅಂಥ ಸಣ್ಣ ಬದಲಾವಣೆಗೆ ನನ್ನ ತಕರಾರಿಲ್ಲ.

ತಕರಾರಿರುವುದು ಸುರಂಗ ರೈಲಿನ ದೃಶ್ಯಕ್ಕೆ. ಏನು ಮಾಡಬೇಕೆಂದು ತೋಚದ ಚರ್ಚಿಲ್ ಕಾರಿನಿಂದ ಇಳಿದು ರೈಲು ಹತ್ತುತ್ತಾನೆ. ಡಬ್ಬಿಯಲ್ಲಿದ್ದ ಜನರನ್ನು ಸಂಧಾನ ಮಾಡಿಕೊಳ್ಳೋಣವೇ ಎಂದು ಕೇಳುತ್ತಾನೆ. ಪುಟ್ಟ ಹುಡುಗಿಯಿಂದ ಹಿಡಿದು ಎಲ್ಲರೂ ಒಂದೇ ದನಿಯಲ್ಲಿ ಬೇಡ ಎನ್ನುತ್ತಾರೆ. ಮೆಕಾಲೆಯ ಪದ್ಯವೊಂದನ್ನು ಅವನು ಶುರುಮಾಡಿದರೆ ಕಪ್ಪು ವರ್ಣದ ಪ್ರಯಾಣಿಕನೊಬ್ಬ ಅದನ್ನು ಮುಗಿಸಿಕೊಡುತ್ತಾನೆ. ಇದು ಪೂರಾ ಕಟ್ಟುಕತೆ. ಕಟ್ಟುಕತೆ ಎಂಬುದು ದೋಷವಲ್ಲ. ಜೀವನಚರಿತ್ರೆಯ ಚಿತ್ರಗಳು ಹೊಸ ದೃಶ್ಯ ಕಟ್ಟಲೇಬೇಕು. ಆದರೆ ಅಲ್ಲಿಯವರೆಗೆ ಓಲ್ಡ್‌ಮನ್ ಕತ್ತಲಲ್ಲಿ ಒಬ್ಬನೇ ಕೂತು ಹೊತ್ತುಕೊಂಡಿದ್ದ ಅನುಮಾನವನ್ನು ಈ ದೃಶ್ಯ ಐದಾರು ನಿಮಿಷದಲ್ಲಿ ಕಿತ್ತುಕೊಳ್ಳುತ್ತದೆ. ತೀರ್ಮಾನದ ಭಾರವನ್ನು ನಾಯಕನ ಹೆಗಲಿಂದ ಇಳಿಸಿ ರೈಲಿನವರ ಮೇಲೆ ಹೊರಿಸುತ್ತದೆ. ಆ ಪ್ರಯಾಣಿಕನ ಬಾಯಲ್ಲಿ ಪದ್ಯ ಇಡುವ ಮೂಲಕ ಸಾಮ್ರಾಜ್ಯವೆಲ್ಲ ಒಂದೇ ಸಂಸಾರ ಎಂದು ನಂಬಿಸಹೊರಡುತ್ತದೆ. ಮೆಕಾಲೆಯ 1835ರ ಟಿಪ್ಪಣಿ ನಮ್ಮ ಶಾಲೆಗಳಿಗೆ ಏನು ಮಾಡಿತೆಂದು ಬಲ್ಲ ನನಗೆ ಆ ಕ್ಷಣ ಗಂಟಲಲ್ಲಿ ಇಳಿಯಲಿಲ್ಲ.

ಮೇ 28ರಂದು ನಿಜವಾಗಿ ನಡೆದದ್ದೇ ಇದಕ್ಕಿಂತ ದೊಡ್ಡದು. ಯುದ್ಧ ಸಂಪುಟಕ್ಕೆ ಬಿಡುವು ಕೊಟ್ಟು, ಅದರ ಹೊರಗಿದ್ದ ಸುಮಾರು 25 ಮಂತ್ರಿಗಳನ್ನು ಸೇರಿಸಿಕೊಂಡು ಚರ್ಚಿಲ್ ಮಾತನಾಡಿದರು. ಅವರು ಎದ್ದು ಬಂದು ಬೆನ್ನು ತಟ್ಟಿದರು. ಮಾತಿನಿಂದಲೇ ತಿರುಗಿದ ಗಳಿಗೆ ಅದು. ಅದು ಚಿತ್ರದಲ್ಲೂ ಇದೆ. ಆದರೆ ಬೆಂಕಿಪೊಟ್ಟಣದ ಮೇಲೆ ಬರೆದುಕೊಂಡ ಪ್ರಯಾಣಿಕರ ಹೆಸರುಗಳನ್ನು ಚರ್ಚಿಲ್ ಅಲ್ಲಿ ಓದುತ್ತಾನೆ. ಸ್ವಂತ ವಾಕ್ಯಕ್ಕಾಗಿ ಅಷ್ಟು ಹೊತ್ತು ಒದ್ದಾಡಿದವನು ಎರವಲು ಮಾತು ಒಪ್ಪಿಸುವುದನ್ನು ನೋಡುವುದು ಕಷ್ಟ.

ಚಿತ್ರ ಮುಚ್ಚಿದ್ದನ್ನು ನಟನೆ ಮುಚ್ಚಿಲ್ಲ ಎಂಬುದನ್ನೂ ಹೇಳಬೇಕು. ಕ್ಯಾಲೆ ಕೋಟೆಯಲ್ಲಿದ್ದ ಪಡೆ ಕೊನೆಯವರೆಗೂ ಕಾದಾಡಲಿ, ಅವರನ್ನು ಕರೆತರಲು ಹಡಗು ಹೋಗುವುದಿಲ್ಲ ಎಂದು ಆಜ್ಞೆ ಕೊಡುವಾಗ ಓಲ್ಡ್‌ಮನ್ ಮುಖದಲ್ಲಿ ವೀರಾವೇಶವಿಲ್ಲ. ಜನರ ಪ್ರಾಣವನ್ನು ಲೆಕ್ಕಕ್ಕೆ ಹಿಡಿದು ಕಳೆಯಬಲ್ಲವನ ಗಟ್ಟಿತನವಿದೆ. 1943ರ ಬಂಗಾಳದ ಬರಗಾಲದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಧಾನ್ಯದ ಹಡಗು ಕಳಿಸಿ ಎಂದು ದೆಹಲಿಯಿಂದ ಮೇಲಿಂದ ಮೇಲೆ ಹೋದ ಮನವಿಗಳಿಗೆ ಇದೇ ಪ್ರಧಾನಿಯ ಸಂಪುಟ ಇಲ್ಲವೆಂದದ್ದು, ಕೇಳಿದ್ದಕ್ಕಿಂತ ತೀರಾ ಕಡಿಮೆ ಕೊಟ್ಟದ್ದು ದಾಖಲಾಗಿದೆ. ಒಂದು ತಿಂಗಳ ಕತೆ ಹೇಳುವ ಚಿತ್ರದಿಂದ ಅದನ್ನು ಕೇಳಲಾಗದು. ಕೇಳದೆಯೂ ಅದರ ಸುಳಿವು ಕೊಡುವ ಮುಖವೊಂದನ್ನು ಓಲ್ಡ್‌ಮನ್ ನಮ್ಮ ಮುಂದೆ ಇಟ್ಟಿದ್ದಾರೆ.

ಕೊನೆಯ ಭಾಷಣ ಜೂನ್ 4ರದು. ಅಂದು ಸದನದಲ್ಲಿ ಅದು ಧ್ವನಿಮುದ್ರಣವಾಗಲಿಲ್ಲ. ನಾವೆಲ್ಲ ಕೇಳಿರುವ ಚರ್ಚಿಲ್ ದನಿಯ ಮುದ್ರಿಕೆ 1949ರದು, ಗೆದ್ದವನು ನಿಧಾನವಾಗಿ ಓದಿದ್ದು. ಓಲ್ಡ್‌ಮನ್ ಆ ಮುದ್ರಿಕೆಯನ್ನು ಅನುಕರಿಸುವುದಿಲ್ಲ. ಇನ್ನೂ ಗೆದ್ದಿರದವನ ಬಿರುಸಿನಲ್ಲಿ, ಉಸಿರು ಸಾಲದಂತೆ, ಮುಂದಿನ ಪದವನ್ನು ಆ ಗಳಿಗೆಯಲ್ಲೇ ಹುಡುಕಿ ತೆಗೆದಂತೆ ಹೇಳುತ್ತಾರೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವನು ಇಂಗ್ಲಿಷ್ ಭಾಷೆಯನ್ನೇ ಸೇನೆಯಾಗಿ ಕಟ್ಟಿ ಯುದ್ಧಕ್ಕೆ ಕಳಿಸಿದ ಎಂಬ ಮಾತನ್ನು ಚಿತ್ರ ಹ್ಯಾಲಿಫ್ಯಾಕ್ಸ್ ಬಾಯಲ್ಲಿ ಆಡಿಸುತ್ತದೆ. ಅದು ಅಮೆರಿಕದ ಪತ್ರಕರ್ತ ಎಡ್ವರ್ಡ್ ಮರ್ರೊ ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಆಡಿದ ಮಾತು. ಎರಡು ಗಂಟೆ ಓಲ್ಡ್‌ಮನ್ ಅವರನ್ನು ನೋಡಿದ ಪ್ರೇಕ್ಷಕನಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.