ಮಟ್ಟಿನ ಒಡೆತನ: ‘ವರಾಹ ರೂಪಂ’ ವ್ಯಾಜ್ಯದ ಸುತ್ತ

ಎರಡು ಹಾಡುಗಳ ಮಟ್ಟು ಒಂದೇ ಎಂಬ ದೂರು ನ್ಯಾಯಾಲಯದ ಮೆಟ್ಟಿಲೇರಿದಾಗ ಅಲ್ಲಿ ನಿಜಕ್ಕೂ ತೂಗಿ ನೋಡುವುದು ಮಟ್ಟುಗಳ ಹೋಲಿಕೆಯನ್ನೋ ಅಥವಾ ಅವುಗಳ ಒಡೆತನವನ್ನೋ ಎಂಬ ಪ್ರಶ್ನೆಯನ್ನು ಕನ್ನಡ ಚಿತ್ರಸಂಗೀತದ ಈಚಿನ ವ್ಯಾಜ್ಯಗಳು ಗಟ್ಟಿಯಾಗಿಯೇ ಎತ್ತಿವೆ. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ ಚಿತ್ರದ ‘ವರಾಹ ರೂಪಂ’ ಹಾಡಿನ ಪ್ರಕರಣ ಇವುಗಳಲ್ಲಿ ಹೆಚ್ಚು ಚರ್ಚೆಗೊಳಗಾದದ್ದು. ಬಿ. ಅಜನೀಶ್ ಲೋಕನಾಥ್ ಸ್ವರ ಸಂಯೋಜಿಸಿ, ಶಶಿರಾಜ್ ಕಾವೂರು ಸಾಹಿತ್ಯ ರಚಿಸಿ, ಸಾಯಿ ವಿಘ್ನೇಶ್ ಹಾಡಿದ ಈ ಹಾಡು ತಮ್ಮ ‘ನವರಸಂ’ ಹಾಡಿನ ನಕಲು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ವಾದ್ಯವೃಂದವೂ, ಆ ಹಾಡಿನ ಹಕ್ಕು ಪಡೆದಿದ್ದ ಮಾತೃಭೂಮಿ ಸಂಸ್ಥೆಯೂ ಕೋಳಿಕ್ಕೋಡ್ ಮತ್ತು ಪಾಲಕ್ಕಾಡ್ ನ್ಯಾಯಾಲಯಗಳಿಗೆ ಹೋದವು. ಅಕ್ಟೋಬರ್ ತಿಂಗಳ ಕೊನೆಗೆ ತಾತ್ಕಾಲಿಕ ತಡೆಯಾಜ್ಞೆ, ಎಂದರೆ ಪೂರ್ಣ ವಿಚಾರಣೆ ಮುಗಿಯುವವರೆಗೆ ಹಾಡನ್ನು ಬಳಸಕೂಡದೆಂಬ ಆದೇಶ, ಹೊರಬಿತ್ತು. ನವೆಂಬರ್ 25ರಂದು ಕೋಳಿಕ್ಕೋಡ್ ನ್ಯಾಯಾಲಯ ಈ ದಾವೆ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದಿತು. 2023ರ ಫೆಬ್ರವರಿ 8ರಂದು, ಇದೇ ಆರೋಪದ ಕ್ರಿಮಿನಲ್ ಪ್ರಕರಣದಲ್ಲಿ, ಚಿತ್ರದ ನಿರ್ಮಾಪಕರಿಗೂ ನಿರ್ದೇಶಕರಿಗೂ ನಿರೀಕ್ಷಣಾ ಜಾಮೀನು ಕೊಟ್ಟ ಕೇರಳ ಹೈಕೋರ್ಟ್, ಹಾಡನ್ನು ಪ್ರದರ್ಶಿಸಬಾರದೆಂಬ ಷರತ್ತನ್ನೂ ಅದಕ್ಕೆ ಅಂಟಿಸಿತು. ಜಾಮೀನಿನ ಷರತ್ತು ಕೃತಿಸ್ವಾಮ್ಯ ಜಾರಿಗೊಳಿಸುವ ಸಾಧನವಾಗಬಾರದೆಂಬ ನಿಲುವಿನಿಂದ ಸರ್ವೋಚ್ಚ ನ್ಯಾಯಾಲಯ ಎರಡೇ ದಿನಗಳಲ್ಲಿ ಆ ಷರತ್ತಿಗೆ ತಡೆ ನೀಡಿತು.

ತಡೆಯಾಜ್ಞೆ, ವ್ಯಾಪ್ತಿ, ಜಾಮೀನು ಎಂದು ಸಾಗಿದ ಈ ಹಾದಿಯಲ್ಲಿ ಎರಡು ಮಟ್ಟುಗಳನ್ನು ಅಕ್ಕಪಕ್ಕ ಇಟ್ಟು ಕೇಳುವ ಕೆಲಸ ಹಿಂದೆಯೇ ಉಳಿಯಿತು. ಅದನ್ನು ಒಂದು ಮಟ್ಟಿಗೆ ಮಾಡಿದವರು ಪ್ರೇಕ್ಷಕರು. ನವೆಂಬರ್ 24ರಂದು ಚಿತ್ರ ಅಮೆಜಾನ್ ಪ್ರೈಮ್‌ನಲ್ಲಿ ಬಂದಾಗ ಕೊನೆಯ ದೃಶ್ಯದಲ್ಲಿ ಸಾಹಿತ್ಯ ಹಾಗೆಯೇ ಇದ್ದು ಮಟ್ಟು ಮಾತ್ರ ಬದಲಾಗಿತ್ತು, ಮತ್ತು ಚಿತ್ರಮಂದಿರದಲ್ಲಿ ಮೈನವಿರೇಳಿಸಿದ ಆ ಘಟ್ಟ ಮನೆಯ ಪರದೆಯ ಮೇಲೆ ಸಪ್ಪೆಯಾಯಿತೆಂದು ಅನೇಕರು ಬಹಿರಂಗವಾಗಿಯೇ ಹೇಳಿಕೊಂಡರು. ವಿಮರ್ಶೆಯ ದೃಷ್ಟಿಯಿಂದ ಇದು ಅಪರೂಪದ ಪ್ರಯೋಗ: ಚಿತ್ರ ಅದೇ, ನಟ ಅವನೇ, ಪದಗಳು ಅವೇ, ಬದಲಾದದ್ದು ಸ್ವರಗಳ ನಡೆಯೊಂದೇ. ಭಾರತದ ಕೃತಿಸ್ವಾಮ್ಯ ಕಾಯಿದೆಯೂ ಸಂಗೀತ ಕೃತಿಯ ವ್ಯಾಖ್ಯೆಯಿಂದ ಪದಗಳನ್ನು ಹೊರಗಿಟ್ಟಿದೆ, ಅಂದರೆ ಸಾಹಿತ್ಯ ಒಂದು ಕೃತಿ, ಮಟ್ಟು ಇನ್ನೊಂದು. ಕಾಯಿದೆಯ ಪುಟದಲ್ಲಿ ಒಣದಾಗಿ ಕಾಣುವ ಈ ವಿಂಗಡಣೆಯ ಸತ್ಯ ಪ್ರೇಕ್ಷಕರ ಕಿವಿಗೆ ಆ ದಿನ ತಟ್ಟಿತು.

ಎರಡೂ ಹಾಡುಗಳು ಒಂದೇ ರಾಗಗಳನ್ನು ಆಶ್ರಯಿಸಿರುವುದರಿಂದ ಹೋಲಿಕೆ ಕಾಣುತ್ತದೆಯೇ ಹೊರತು ಕದ್ದದ್ದು ಏನೂ ಇಲ್ಲವೆಂಬುದು ಚಿತ್ರತಂಡದ ಕಡೆಯಿಂದ ಬಂದ ಸಮಜಾಯಿಷಿ. ರಾಗವೆಂದರೆ ಆರೋಹಣ, ಅವರೋಹಣ, ಜೀವಸ್ವರ, ಗಮಕಗಳ ಕಟ್ಟುಪಾಡಿನೊಳಗೆ ಅರಳುವ ಸ್ವರಗಳ ಸಂಸಾರ. ಅದು ಯಾರೊಬ್ಬರ ಸ್ವತ್ತೂ ಅಲ್ಲ, ಆಗಲೂ ಬಾರದು. ತೋಡಿ ರಾಗವನ್ನು ಹಾಡುವ ಇಬ್ಬರು ಒಬ್ಬರನ್ನೊಬ್ಬರು ನೆನಪಿಸದೆ ಇರುವುದು ಅಸಾಧ್ಯ. ಇಷ್ಟರ ಮಟ್ಟಿಗೆ ಆ ವಾದ ಸರಿ, ಆದರೆ ಅರ್ಧಕ್ಕೇ ನಿಂತ ವಾದ. ರಾಗ ಸ್ವರಗಳನ್ನು ಒದಗಿಸುತ್ತದೆ. ಶಾಸ್ತ್ರೀಯ ಕಂಠದ ಆಲಾಪಕ್ಕೆ ರಾಕ್ ಸಂಗೀತದ ಒರಟು ಗಿಟಾರ್ ಯಾವ ಹೊತ್ತಿಗೆ ಹೆಗಲು ಕೊಡಬೇಕು, ಲಯ ಎಲ್ಲಿ ಬಿಗಿಯಾಗಬೇಕು, ಸ್ವರಗುಚ್ಛವೊಂದು ಎಷ್ಟು ಸಲ ಮರಳಿ ಬಂದು ಮುಂದಿನ ನೆಗೆತಕ್ಕೆ ಎಡೆ ಮಾಡಬೇಕು ಎಂಬುದನ್ನು ಯಾವ ರಾಗಲಕ್ಷಣವೂ ನಿಗದಿಮಾಡುವುದಿಲ್ಲ. ‘ನವರಸಂ’ ಮತ್ತು ‘ವರಾಹ ರೂಪಂ’ ಕೇಳುಗನನ್ನು ಬೆಚ್ಚಿಸುವುದು ಇಂಥ ಕಟ್ಟೋಣದಲ್ಲಿ ಪರಸ್ಪರ ಹತ್ತಿರ ನಿಲ್ಲುವುದರಿಂದ. ಹಾಗಾಗಿ ಇಲ್ಲಿ ರಾಗದ ಹೆಸರು ಹೇಳುವುದು ಪ್ರಶ್ನೆಗೆ ಉತ್ತರವಾಗುವುದಿಲ್ಲ. ಅದೇ ವೇಳೆ ಕಟ್ಟೋಣದ ಸಾಮೀಪ್ಯವನ್ನೆಲ್ಲ ಕಳವೆಂದು ಕರೆಯಹೊರಟರೆ ಶೈಲಿಗಳಿಗೇ ಬೇಲಿ ಹಾಕಿದಂತಾಗುತ್ತದೆ. ಕರ್ನಾಟಕ ಸಂಗೀತವನ್ನೂ ರಾಕ್ ಸಂಗೀತವನ್ನೂ ಬೆಸೆಯುವ ಹಕ್ಕು ಮೊದಲು ಬೆಸೆದವರಿಗಷ್ಟೇ ಸೇರುತ್ತದೆ ಎನ್ನಲು ಬರುವುದಿಲ್ಲ.

ವಿಚಾರಕ್ಕೂ ಅದರ ಅಭಿವ್ಯಕ್ತಿಗೂ ನಡುವಿನ ಈ ಗೆರೆಯನ್ನು 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಎಳೆದಿತ್ತು. ಎರಡೂ ಕೃತಿಗಳನ್ನು ಕಂಡವನಿಗೆ ಎರಡನೆಯದು ಮೊದಲನೆಯದರ ನಕಲೇ ಎಂಬ ನಿಸ್ಸಂದೇಹ ಅನಿಸಿಕೆ ಮೂಡುತ್ತದೆಯೇ ಎಂಬುದು ಅಲ್ಲಿನ ಒರೆಗಲ್ಲು. ಆ ಪ್ರಕರಣ ನಾಟಕ ಮತ್ತು ಸಿನಿಮಾಕ್ಕೆ ಸಂಬಂಧಿಸಿದ್ದು. ಕಥೆಯನ್ನು ಹೋಲಿಸಬಲ್ಲ ಸಾಮಾನ್ಯ ಪ್ರೇಕ್ಷಕ ಮಟ್ಟನ್ನೂ ಅಷ್ಟೇ ನಿಖರವಾಗಿ ಹೋಲಿಸಬಲ್ಲನೆಂದು ನಂಬುವುದು ಕಷ್ಟ. ರಾಗವನ್ನು ಗುರುತಿಸಲಾರದ ಕಿವಿಗೆ ಒಂದೇ ರಾಗದ ಎರಡು ಕೀರ್ತನೆಗಳು ಒಂದೇ ಹಾಡಾಗಿ ಕೇಳಿಸಬಹುದು. ಇತ್ತ ಪಳಗಿದ ಕಿವಿ ಸೂಕ್ಷ್ಮ ವ್ಯತ್ಯಾಸಗಳಲ್ಲೇ ಮುಳುಗಿ ಕಣ್ಣಿಗೆ ರಾಚುವ ನಕಲನ್ನೂ ಬಿಟ್ಟುಕೊಡಬಹುದು. ಹೊರದೇಶಗಳಲ್ಲೂ ಈ ತೊಡಕು ಬಗೆಹರಿದಿಲ್ಲ. 1976ರಲ್ಲಿ ಅಮೆರಿಕದ ನ್ಯಾಯಾಲಯ ಗಾಯಕ ಜಾರ್ಜ್ ಹ್ಯಾರಿಸನ್ ಅರಿವಿಲ್ಲದೆಯೇ ನಕಲು ಮಾಡಿದ್ದಾರೆಂದು ತೀರ್ಮಾನಿಸಿತು. 2023ರಲ್ಲಿ ಎಡ್ ಶೀರನ್ ವಿರುದ್ಧದ ದಾವೆಯನ್ನು ಕೇಳಿದ ಜ್ಯೂರಿ ಅವರನ್ನು ಆರೋಪದಿಂದ ಬಿಡುಗಡೆ ಮಾಡಿತು.

ರಾಗಸಂಗೀತದ ಒಳಗಿನಿಂದಲೇ ಎದ್ದ ದಾವೆ ಎ.ಆರ್. ರೆಹಮಾನ್ ಅವರ ‘ವೀರ ರಾಜ ವೀರ’ ಹಾಡಿನದು. ಧ್ರುಪದ್ ಗಾಯಕರಾದ ಕಿರಿಯ ಡಾಗರ್ ಸಹೋದರರ, ಅಡಾಣಾ ರಾಗದ ‘ಶಿವ ಸ್ತುತಿ’ಯಿಂದ ಅದನ್ನು ಎತ್ತಲಾಗಿದೆಯೆಂದು ಉಸ್ತಾದ್ ಫಯಾಜ್ ವಾಸಿಫುದ್ದೀನ್ ಡಾಗರ್ ದೆಹಲಿ ಹೈಕೋರ್ಟಿಗೆ ಹೋದರು. 2025ರ ಏಪ್ರಿಲ್‌ನಲ್ಲಿ ಏಕಸದಸ್ಯ ಪೀಠ 2 ಕೋಟಿ ರೂಪಾಯಿ ಠೇವಣಿ ಇಡುವಂತೆಯೂ ಡಾಗರ್ ಸಹೋದರರ ಹೆಸರನ್ನು ಹಾಡಿನೊಡನೆ ನಮೂದಿಸುವಂತೆಯೂ ಆದೇಶಿಸಿತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ರದ್ದುಗೊಳಿಸಿದ್ದು ಮಟ್ಟುಗಳು ಬೇರೆಬೇರೆ ಎಂಬ ಕಾರಣಕ್ಕಲ್ಲ. ಹಾಡಿದವರೇ ಕಟ್ಟಿದವರೆಂದು ಮೇಲ್ನೋಟಕ್ಕೆ ಒಪ್ಪಲಾಗದೆಂಬುದು ಅದರ ಆಧಾರ. ಗುರುವಿನ ಕಂಠದಿಂದ ಶಿಷ್ಯನ ಕಂಠಕ್ಕೆ ಇಳಿದು ಬರುವ ಸಂಗೀತದಲ್ಲಿ ಕರ್ತೃವನ್ನು ದಾಖಲೆಯೊಡನೆ ತೋರಿಸಬೇಕೆಂಬ ಬೇಡಿಕೆ ಕಾನೂನಿಗೆ ಸಹಜವೇ, ಆದರೆ ಪರಂಪರೆಯ ಪಾಲಿಗೆ ಅದು ಬಹುಮಟ್ಟಿಗೆ ಮುಚ್ಚಿದ ಬಾಗಿಲು.

ಧ್ವನಿಮುದ್ರಣ ಸಂಸ್ಥೆಗಳಿಗೆ ಈ ತೊಂದರೆಯಿಲ್ಲ. 2016ರ ಕೊನೆಯಲ್ಲಿ ತೆರೆಕಂಡ ‘ಕಿರಿಕ್ ಪಾರ್ಟಿ’ ಚಿತ್ರದ ಹಾಡೊಂದರಲ್ಲಿ ಹಂಸಲೇಖ ಸಂಗೀತದ ‘ಶಾಂತಿ ಕ್ರಾಂತಿ’ಯ ಹಾಡಿನ ಮಟ್ಟು ಬಳಕೆಯಾಗಿದೆಯೆಂದು ಲಹರಿ ಸಂಸ್ಥೆ ಬೆಂಗಳೂರಿನಲ್ಲಿ ಮೊಕದ್ದಮೆ ಹೂಡಿದಾಗ, ಹಕ್ಕಿನ ಕಾಗದ ಅದರ ಕೈಯಲ್ಲಿತ್ತು. ಮಟ್ಟನ್ನು ಕಟ್ಟಿದವರಿಗೆ ಏನನ್ನಿಸಿತು ಎಂಬುದು ಇಂಥ ದಾವೆಯಲ್ಲಿ ಮುಖ್ಯವಾಗುವುದೇ ಇಲ್ಲ. ಚಿತ್ರಕ್ಕೆಂದು ಸಂಭಾವನೆ ಪಡೆದು ರಚಿಸಿದ ಹಾಡಿನ ಮೊದಲ ಒಡೆಯ, ಬೇರೆ ಒಪ್ಪಂದವಿಲ್ಲದಿದ್ದರೆ, ನಿರ್ಮಾಪಕನೇ ಎಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲೇ ಹೇಳಿತ್ತು. ಸಂಯೋಜಕರಿಗೂ ಗೀತರಚನೆಕಾರರಿಗೂ ಬಿಟ್ಟುಕೊಡಲಾಗದ ಗೌರವಧನದ ಪಾಲು ದೊರೆತದ್ದು 2012ರ ತಿದ್ದುಪಡಿಯಿಂದ. ಕವಿ ದೊಡ್ಡರಂಗೇಗೌಡರು 1978ರ ‘ಪರಸಂಗದ ಗೆಂಡೆತಿಮ್ಮ’ ಚಿತ್ರಕ್ಕೆ ಹಳ್ಳಿಯ ನುಡಿಗಟ್ಟಿನಲ್ಲಿ ಹಾಡು ಬರೆದು, ರಾಜನ್-ನಾಗೇಂದ್ರ ಅದಕ್ಕೆ ಸ್ವರ ಹೊಂದಿಸಿದಾಗ ಇದ್ದದ್ದು ಹಳೆಯ ವ್ಯವಸ್ಥೆ.

ಕಾನೂನು ಇಷ್ಟು ಬೆಳೆಯುವ ಮೊದಲು ಕನ್ನಡದಲ್ಲಿ ಎರವಲಿಗೆ ಬೇರೊಂದು ಮರ್ಯಾದೆ ಇತ್ತು. ತುಮಕೂರು ಜಿಲ್ಲೆಯ ಗುಬ್ಬಿ ಕಂಪನಿಯೂ ಸೇರಿದಂತೆ ವೃತ್ತಿರಂಗಭೂಮಿ ಮರಾಠಿ, ಹಿಂದೂಸ್ತಾನಿ ಮಟ್ಟುಗಳನ್ನು ಧಾರಾಳವಾಗಿ ತಂದುಕೊಂಡ ಕಾಲದಲ್ಲಿ, ನಾಟಕದ ಹಾಡುಗಳನ್ನು ಅಚ್ಚುಹಾಕುವಾಗ ಹಾಡಿನ ತಲೆಯ ಮೇಲೆ ರಾಗತಾಳಗಳ ಜೊತೆಗೆ ಇಂಥ ಹಾಡಿನ ಮಟ್ಟು ಎಂದು ಬರೆಯುವ ರೂಢಿಯಿತ್ತು. ಹಣ ಕೊಡುತ್ತಿರಲಿಲ್ಲ, ಅನುಮತಿ ಕೇಳುತ್ತಿರಲಿಲ್ಲ, ನಿಜ. ಆದರೆ ಎಲ್ಲಿಂದ ತಂದದ್ದೆಂಬುದನ್ನು ಮುಚ್ಚಿಡುತ್ತಲೂ ಇರಲಿಲ್ಲ. ನಟನಿಗೆ ಹಾಡುವ ದಾರಿ ತೋರಿಸಲೆಂದು ಹುಟ್ಟಿದ ಈ ಒಂದು ಸಾಲಿನ ಟಿಪ್ಪಣಿ ಕೇಳುಗನಿಗೂ ಹೋಲಿಸಿ ನೋಡುವ ಅವಕಾಶ ಕೊಡುತ್ತಿತ್ತು. ಚಿತ್ರಸಂಗೀತ ಎರವಲನ್ನು ಉಳಿಸಿಕೊಂಡು ಟಿಪ್ಪಣಿಯನ್ನು ಬಿಟ್ಟಿತು. ಈಗಿನ ವ್ಯಾಜ್ಯಗಳಲ್ಲಿ ಪರಿಹಾರಧನಕ್ಕಿಂತ ಮೊದಲು ಹೆಸರು ಹಾಕಿ ಎಂಬ ಬೇಡಿಕೆ ಕೇಳಿಬರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಹೆಸರಿಲ್ಲದ ಮಟ್ಟುಗಳ ಪಾಡು ಇನ್ನೂ ಬೇರೆ. ಸಿರಾ ತಾಲ್ಲೂಕು ಮತ್ತು ಅದಕ್ಕೆ ಹೊಂದಿಕೊಂಡ ಸೀಮೆಯ ಕಾಡುಗೊಲ್ಲರಲ್ಲಿ ಪಶುಪಾಲಕ ವೀರ ಜುಂಜಪ್ಪನ ಕಥೆಯನ್ನು ಗಣೆಯ ಜೊತೆ ಹಾಡುವ ಸಂಪ್ರದಾಯವಿದೆ. ಗಣೆ ಎಂದರೆ ಬಿದಿರಿನ ಉದ್ದನೆಯ ಕೊಳಲು. ಊದುವವನೇ ಹಾಡುವವನೂ ಆದಾಗ ಬಾಯಿ ಒಂದೇ ಆದ್ದರಿಂದ ಕೊಳಲೂ ಕಂಠವೂ ಸರದಿಯ ಮೇಲೆ ನಡೆಯಬೇಕು, ಒಂದು ನಿಲ್ಲಿಸಿದಲ್ಲಿಂದ ಇನ್ನೊಂದು ಎತ್ತಿಕೊಳ್ಳಬೇಕು. ಇಲ್ಲಿ ಒಂದೇ ಧಾಟಿ ಕಥೆಯ ಎಷ್ಟೋ ಸಾಲುಗಳನ್ನು ಹೊರುವುದರಿಂದ, ಹೋಲಿಕೆ ದೋಷವಾಗುವ ಬದಲು ಹಾಡಿಕೆಯ ಆಧಾರವೇ ಆಗಿದೆ. ಕಾಯಿದೆ ಇಂಥ ಹಾಡುಗಾರನಿಗೆ ಪೂರ್ತಿ ಕಿವುಡಾಗಿಲ್ಲ: ಸ್ವರಲಿಪಿಯಲ್ಲಿ ಬರೆದಿಡದವನನ್ನೂ ಸಂಯೋಜಕನೆಂದು ಅದು 1994ರಿಂದ ಒಪ್ಪುತ್ತದೆ. ಆದರೆ ಆ ಸಂಯೋಜಕ ಗೊತ್ತಿರುವ ಒಬ್ಬ ವ್ಯಕ್ತಿಯಾಗಿರಬೇಕು, ಅವನು ತೀರಿಕೊಂಡ ಅರವತ್ತು ವರ್ಷಗಳ ಮೇಲೆ ಹಕ್ಕೂ ತೀರುತ್ತದೆ. ತಲೆಮಾರುಗಳಿಂದ ಹಟ್ಟಿಯೊಂದು ಒಟ್ಟಾಗಿ ಕಾಪಾಡಿಕೊಂಡ ಧಾಟಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಆದ್ದರಿಂದ ಜನಪದದ ಕಡೆಯಿಂದ ಆಕ್ಷೇಪ ಬಂದರೆ ಅದು ಕೃತಿಸ್ವಾಮ್ಯದ ಭಾಷೆಯಲ್ಲಿ ಬರುವುದಿಲ್ಲ. 2020ರ ಆಗಸ್ಟ್‌ನಲ್ಲಿ ಚಂದನ್ ಶೆಟ್ಟಿ ಅವರ ‘ಕೋಲುಮಂಡೆ’ ಹಾಡಿಗೆ ಮಲೆ ಮಹದೇಶ್ವರ ಪರಂಪರೆಯ ಭಕ್ತರಿಂದ ವಿರೋಧ ಎದ್ದದ್ದು ಮಟ್ಟನ್ನು ಬಳಸಿದ್ದಕ್ಕಲ್ಲ, ಆ ಪರಂಪರೆಯ ಕಥನದ ಶರಣೆ ಸಂಕಮ್ಮನನ್ನು ಚಿತ್ರಿಸಿದ ಬಗೆಗೆ. ಗಾಯಕರು ಕ್ಷಮೆ ಕೇಳಿದರು, ವಿಡಿಯೊ ಯೂಟ್ಯೂಬ್‌ನಿಂದ ಕೆಳಗಿಳಿಯಿತು. ಯಾವ ಕಾಗದವೂ ಇಲ್ಲದ ಸಮುದಾಯ ಕೆಲವೇ ದಿನಗಳಲ್ಲಿ ಸಾಧಿಸಿದ್ದು ಇದು. ಆದರೆ ಅದರ ಬಲವೆಲ್ಲ ದೇವರ ಮೇಲಿನ ಭಕ್ತಿಯದು. ಸುಗ್ಗಿಯ ಹಾಡಿಗೋ ಬೀಸುವ ಪದಕ್ಕೋ ಅಂಥ ಬೆನ್ನಾಸರೆ ಇರುವುದಿಲ್ಲ. ಸಿರಾದ ಹಟ್ಟಿಯೊಂದರಲ್ಲಿ ಧ್ವನಿಮುದ್ರಣಕ್ಕೆ ಕುಳಿತ ಗಣೆಗಾರನಿಗೆ ಕಾಯಿದೆ ಕೊಡುವುದು ಪ್ರದರ್ಶಕನ ಹಕ್ಕು, ಅಂದರೆ ತನ್ನ ಹಾಡಿಕೆಯನ್ನು ಒಪ್ಪಿಗೆಯಿಲ್ಲದೆ ಮುದ್ರಿಸದಂತೆ ಐವತ್ತು ವರ್ಷ ತಡೆಯುವ ಅಧಿಕಾರ. ಆ ಮುದ್ರಿಕೆಯನ್ನು ಕೇಳಿದ ಸಂಗೀತ ನಿರ್ದೇಶಕನೊಬ್ಬ ಅದೇ ಧಾಟಿಯನ್ನು ಬೇರೊಂದು ಕಂಠದಿಂದ ಹಾಡಿಸಿದರೆ ಆ ಹಕ್ಕು ಅವನನ್ನು ಮುಟ್ಟುವುದಿಲ್ಲ, ಮತ್ತು ಹಾಗೆ ಹಾಡಿಸಿದ ಮೇಲೆ ಹೊಸ ಹಾಡಿನ ಒಡೆತನ ಸಾಮಾನ್ಯವಾಗಿ ನಿರ್ಮಾಪಕನದೋ ಅವನಿಂದ ಹಕ್ಕು ಪಡೆದ ಧ್ವನಿಮುದ್ರಣ ಸಂಸ್ಥೆಯದೋ ಆಗಿರುತ್ತದೆ.