ಸಂವಾದವೃಕ್ಷದಲ್ಲಿ ಮಾತನಾಡುವವರು ಯಾರು? ಓಪನ್ ಅಸಿಸ್ಟೆಂಟ್ ಪಠ್ಯಸಂಚಯದ ಒಂದು ವಿಮರ್ಶೆ

ಮುಕ್ತ ತಂತ್ರಾಂಶ ಯೋಜನೆಗೆ ಕೊಡುಗೆ ಸಲ್ಲಿಸುವುದೆಂದರೆ ಕೋಡ್ ಬರೆಯುವುದು ಎಂಬ ಗ್ರಹಿಕೆ ಬಹುಕಾಲದಿಂದ ಇದೆ. ಲೈಯಾನ್ ಸಂಸ್ಥೆಯ ಆಶ್ರಯದಲ್ಲಿ ನಡೆದ ಓಪನ್ ಅಸಿಸ್ಟೆಂಟ್ ಎಂಬ ಚಾಟ್‌ಬಾಟ್ ಯೋಜನೆಯು ಸ್ವಯಂಸೇವಕರಿಂದ ಕೋಡಿನ ಜೊತೆಗೆ ಮಾತನ್ನೂ ಬೇಡಿತು. 2023ರ ಏಪ್ರಿಲ್‌ನಲ್ಲಿ ಪ್ರಕಟವಾದ ಇದರ ಪಠ್ಯಸಂಚಯದಲ್ಲಿ 35 ಭಾಷೆಗಳ 1,61,443 ಸಂದೇಶಗಳೂ 4,61,292 ಗುಣಮಟ್ಟದ ಅಂಕನಗಳೂ ಇವೆ. 13,500ಕ್ಕೂ ಹೆಚ್ಚು ಸ್ವಯಂಸೇವಕರು ಇದರಲ್ಲಿ ತೊಡಗಿದ್ದರು. ಆ 35 ಭಾಷೆಗಳಲ್ಲಿ ಕನ್ನಡವಿಲ್ಲ. ಆದರೂ ಕನ್ನಡದ ಭಾಷಾವಿಜ್ಞಾನಿಗಳು ಇದನ್ನು ಗಮನವಿಟ್ಟು ಓದಬೇಕೆಂದು ನಾವು ಭಾವಿಸುತ್ತೇವೆ. ಮುಂದೆ ಇಂಥ ಯೋಜನೆಯೊಂದಕ್ಕೆ ಕನ್ನಡ ಸೇರುವಾಗ ಎಂಥ ಚೌಕಟ್ಟಿನೊಳಗೆ ಸೇರಬೇಕಾದೀತು ಎಂಬುದು ಇಲ್ಲಿ ಕಾಣಸಿಗುತ್ತದೆ.

ಸಂಚಯದ ರಚನೆ ಸರಳವಾದುದು. ಒಬ್ಬರು ಪ್ರಶ್ನೆ ಬರೆಯುತ್ತಾರೆ. ಹಲವರು ಸಹಾಯಕನ ಪಾತ್ರ ವಹಿಸಿ ಉತ್ತರಿಸುತ್ತಾರೆ. ಇನ್ನು ಕೆಲವರು ಆ ಉತ್ತರಗಳಿಗೆ ಅಂಕವಿತ್ತು ಶ್ರೇಣೀಕರಿಸುತ್ತಾರೆ. ಪ್ರತಿ ಉತ್ತರದಿಂದಲೂ ಮುಂದಿನ ಪ್ರಶ್ನೆ ಕವಲೊಡೆಯಬಹುದಾದ್ದರಿಂದ ಸಂವಾದವು ವೃಕ್ಷದ ರೂಪ ತಾಳುತ್ತದೆ. ದತ್ತಾಂಶವನ್ನು ಅಪಾಚೆ 2.0 ಪರವಾನಗಿಯಡಿ ತೆರೆದಿಟ್ಟಿರುವುದೂ ಕೊಡುಗೆದಾರರ ಸಮೀಕ್ಷೆಯನ್ನು ಮುಚ್ಚಿಡದೆ ವರದಿ ಮಾಡಿರುವುದೂ ಶ್ಲಾಘನೀಯ. ಸಮೀಕ್ಷೆಗೆ ಉತ್ತರಿಸಿದವರಲ್ಲಿ ಸುಮಾರು ಶೇ. 89ರಷ್ಟು ಪುರುಷರು, ಮಧ್ಯಾಂಕ ವಯಸ್ಸು 26. ಸಂದೇಶಗಳಲ್ಲಿ ಇಂಗ್ಲಿಷ್ (71,956) ಮತ್ತು ಸ್ಪ್ಯಾನಿಷ್ (43,061) ಎರಡೇ ಸೇರಿ ಶೇ. 71ರಷ್ಟಾಗುತ್ತವೆ.

ನಮ್ಮ ಮೊದಲ ಆಕ್ಷೇಪ ವೃಕ್ಷದ ಸ್ವರೂಪಕ್ಕೇ ಸಂಬಂಧಿಸಿದ್ದು. ಒಂದು ಕವಲಿನ ಮೊದಲ ಪ್ರಶ್ನೆಯನ್ನು ಕೇಳಿದವರೇ ಮೂರನೆಯ ಸಂದೇಶವನ್ನೂ ಬರೆಯಬೇಕೆಂಬ ನಿಯಮವಿಲ್ಲ. ಹೊರನೋಟಕ್ಕೆ ಇದು ಇಬ್ಬರ ಸಂಭಾಷಣೆ; ಒಳಗೆ ನಾಲ್ಕಾರು ಅಪರಿಚಿತರ ವಾಕ್ಯಗಳ ಜೋಡಣೆ. ಇಂಗ್ಲಿಷಿನಲ್ಲಿ ಮಧ್ಯಮಪುರುಷ ಸರ್ವನಾಮ ಒಂದೇ ಆದ್ದರಿಂದ ಈ ಬೆಸುಗೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕನ್ನಡದಲ್ಲಿ ಹಾಗಲ್ಲ. ಒಬ್ಬರು ‘ದೋಸೆ ಹಿಟ್ಟು ಹುದುಗು ಬರಲು ಏನು ಮಾಡಬೇಕು, ಹೇಳು’ ಎಂದು ಆರಂಭಿಸಿ, ಉತ್ತರ ಬಂದ ಮೇಲೆ ಮತ್ತೊಬ್ಬರು ‘ಚಳಿಗಾಲದಲ್ಲಿ ಎಷ್ಟು ಹೊತ್ತು ಬೇಕು, ತಿಳಿಸುವಿರಾ’ ಎಂದು ಮುಂದುವರಿಸಿದರೆ, ಕೇಳುವ ವ್ಯಕ್ತಿ ಸಹಾಯಕನನ್ನು ನಡುವೆಯೇ ಏಕವಚನದಿಂದ ಬಹುವಚನಕ್ಕೆ ಏರಿಸಿದಂತಾಗುತ್ತದೆ. ನಿಜವಾದ ಸಂಭಾಷಣೆಯಲ್ಲಿ ಅಂಥ ಬದಲಾವಣೆ ಮುನಿಸನ್ನೋ ವ್ಯಂಗ್ಯವನ್ನೋ ಹೊಸದಾಗಿ ಮೂಡಿದ ಗೌರವವನ್ನೋ ಸೂಚಿಸುತ್ತದೆ. ಇಲ್ಲಿ ಅದು ಬರೆದವರು ಬದಲಾದುದರ ಗುರುತು ಮಾತ್ರ. ದತ್ತಾಂಶದಲ್ಲಿ ಅನಾಮಧೇಯ ಬಳಕೆದಾರ ಗುರುತು ಇರುವುದರಿಂದ ಸಂಶೋಧಕರು ಈ ಬದಲಾವಣೆಯನ್ನು ಪತ್ತೆಹಚ್ಚಬಹುದು. ಆದರೆ ಕೇಳುವವರು, ಉತ್ತರಿಸುವವರು ಎಂಬ ಎರಡೇ ಪಾತ್ರಗಳಾಗಿ ಸಂದೇಶಗಳನ್ನು ಉಣಿಸಿದಾಗ ಯಂತ್ರಕ್ಕೆ ಆ ಭೇದ ತಿಳಿಯುವ ದಾರಿಯಿಲ್ಲ. ಸ್ಪ್ಯಾನಿಷ್, ರಷ್ಯನ್, ಜರ್ಮನ್ ಭಾಷೆಗಳಲ್ಲೂ ಸಂಬೋಧನೆಯ ಇಂಥ ಭೇದವಿರುವುದರಿಂದ ಇದನ್ನು ಕನ್ನಡವೊಂದರದೇ ತೊಡಕೆಂದು ಬದಿಗಿರಿಸಲಾಗದು.

ಎರಡನೆಯ ಆಕ್ಷೇಪ ಅಂಕನದ್ದು. ಗುಣಮಟ್ಟ, ಸೃಜನಶೀಲತೆ, ಹಾಸ್ಯ, ಉಪಯುಕ್ತತೆ, ಒರಟುತನ ಮೊದಲಾದವುಗಳ ಜೊತೆಗೆ ‘ಭಾಷೆ ಹೊಂದುವುದಿಲ್ಲ’ ಎಂದು ಸೂಚಿಸುವ ಗುರುತೂ ಪಟ್ಟಿಯಲ್ಲಿದೆ. ‘ಬ್ಯಾಂಕಲ್ಲಿ ಅಕೌಂಟ್ ಓಪನ್ ಮಾಡೋಕೆ ಏನೇನು ಡಾಕ್ಯುಮೆಂಟ್ಸ್ ಬೇಕು?’ ಎಂಬ ವಾಕ್ಯ ಕನ್ನಡಕ್ಕೆ ಹೊಂದುತ್ತದೆಯೆ? ವಿಭಕ್ತಿ, ಕ್ರಿಯಾರೂಪ, ಪದಕ್ರಮ ಎಲ್ಲವೂ ಕನ್ನಡದವು. ಪರಭಾಷೆಯ ಪದಕ್ಕೆ ‘ಮಾಡು’ ಸೇರಿಸಿ ಕ್ರಿಯಾಪದ ಕಟ್ಟುವುದೂ ಕನ್ನಡದ ರೂಢಿಯೇ. ವ್ಯಾಕರಣವನ್ನು ನೋಡುವವರು ಹೌದೆಂದರೆ, ಶಬ್ದಗಳನ್ನು ಎಣಿಸುವವರು ಅಲ್ಲವೆಂದಾರು. ‘ಮಾಡೋಕೆ’ ಎಂಬಲ್ಲಿ ‘ಮಾಡಲು’ ಎಂದಿರಬೇಕಿತ್ತೆಂದು ಗುಣಮಟ್ಟದ ಅಂಕ ಕಳೆಯುವವರೂ ಇರಬಹುದು. ವಿಲಿಯಂ ಬ್ರೈಟ್ 1958ರಲ್ಲಿ ಆಡುಗನ್ನಡಕ್ಕೆ ಪ್ರತ್ಯೇಕ ವಿವರಣೆ ನೀಡಿದರು, ಹಾ.ಮಾ. ನಾಯಕರು 1967ರಲ್ಲಿ ಗ್ರಾಂಥಿಕ ಮತ್ತು ಆಡುನುಡಿಗಳನ್ನು ಎರಡು ಶೈಲಿಗಳಾಗಿ ಅಭ್ಯಸಿಸಿದರು. ಆ ವಿವೇಚನೆಗೆ ಇಲ್ಲಿ ಒಂದು ಕಲಮೂ ಇಲ್ಲ. ಶೈಲಿಯ ಕುರಿತ ಭಿನ್ನಾಭಿಪ್ರಾಯವು ಗುಣಮಟ್ಟದ ಸಂಖ್ಯೆಯೊಳಗೆ ಕರಗಿಹೋಗುತ್ತದೆ. ಮುಂದೆ ಆ ಸಂಖ್ಯೆಯ ಬಲದಿಂದಲೇ ಯಂತ್ರವು ಒಂದು ಕನ್ನಡವನ್ನು ಆದರಿಸಿ ಇನ್ನೊಂದನ್ನು ಹಿಂದಕ್ಕೆ ತಳ್ಳಲು ಕಲಿಯುತ್ತದೆ.

ಈ ವಿಮರ್ಶೆಗೆ ಎದುರಾಗಬಹುದಾದ ಬಲವಾದ ವಾದವೊಂದಿದೆ: ಸರಳತೆಯಿಂದಲೇ ಇಷ್ಟು ಜನ ಕೈಜೋಡಿಸಲು ಸಾಧ್ಯವಾಯಿತು, ಭಾಷಾವಿಜ್ಞಾನದ ವರ್ಗೀಕರಣಗಳನ್ನು ಹೇರಿದರೆ ಬರುವವರೂ ಹಿಂಜರಿಯುತ್ತಾರೆ. ಇದನ್ನು ನಾವು ಒಪ್ಪುತ್ತೇವೆ. ಆದರೆ ನಾವು ಅಪೇಕ್ಷಿಸುವುದು ಅಲ್ಪ. ಮನೆಮಾತು, ಪ್ರದೇಶಗಳನ್ನು ನೋಂದಣಿಯ ವೇಳೆ ಇಚ್ಛೆಯಿದ್ದವರಿಂದ ಒಮ್ಮೆ ಕೇಳಿದರೆ ಸಾಕು. ಪ್ರಶ್ನೆ ಮುಂದುವರಿಸುವವರಿಗೆ ಹಿಂದಿನ ಸಂಬೋಧನೆಯನ್ನು ಉಳಿಸಿಕೊಳ್ಳಿರೆಂದು ಒಂದು ಸೂಚನೆ ನೀಡಬಹುದು. ಶೈಲಿ ಯಾವುದೆಂದು ಗುರುತಿಸುವ ಕಲಮನ್ನು ಗುಣಮಟ್ಟದ ಅಂಕದಿಂದ ಬೇರ್ಪಡಿಸಬಹುದು.

ಓಪನ್ ಅಸಿಸ್ಟೆಂಟ್‌ನ ಸಂಗ್ರಹಕಾರ್ಯ 2023ರಲ್ಲಿಯೇ ಮುಗಿದಿದೆ. ಆದರೆ ಅದರ ಕೋಡ್ ಮತ್ತು ದತ್ತಾಂಶಗಳನ್ನು ಯಾರು ಬೇಕಾದರೂ ಬಳಸಿ ಮುಂದುವರಿಸಬಹುದು. ಕನ್ನಡದ ಸಂಶೋಧನ ವಿದ್ಯಾರ್ಥಿಗಳನ್ನು ಇಂಥ ಯೋಜನೆಗಳು ಸಾವಿರ ವಾಕ್ಯ ಬರೆದುಕೊಡುವವರನ್ನಾಗಿ ಕರೆಯುವುದು ಸಹಜ. ವಾಕ್ಯಗಳೂ ಬೇಕು, ನಿಜ. ಆದರೆ ಅಂಕನದ ಮಾರ್ಗಸೂಚಿ ಇನ್ನೂ ತಿದ್ದುಪಡಿಗೆ ತೆರೆದಿರುವಾಗಲೇ ಅಲ್ಲಿಗೆ ಹೋಗಿ, ಸಂಬೋಧನೆ, ಶೈಲಿ, ನುಡಿಬೆರಕೆಗಳ ಬಗ್ಗೆ ಉದಾಹರಣೆ ಸಹಿತ ತಿದ್ದುಪಡಿ ಸೂಚಿಸುವುದು ನಮ್ಮ ಶಾಸ್ತ್ರಕ್ಕೆ ಮಾತ್ರ ಸಾಧ್ಯವಿರುವ ಕೊಡುಗೆ. ವಾಕ್ಯಗಳು ಲಕ್ಷಗಟ್ಟಲೆ ಸೇರಿದ ಮೇಲೆ ಆ ಕಲಮುಗಳನ್ನು ಹಿಂದಿರುಗಿ ತುಂಬಿಸುವುದು ಬಹುಮಟ್ಟಿಗೆ ಅಸಾಧ್ಯ.